ಹಳೇ ರೀಲಿಗೆ ಹೊಸ ಪೋಸ್ಟರ್: ಒಂದು ಅಗ್ಗದ ಕೌಬಾಯ್ ಸಿನಿಮಾದ ಲೆಕ್ಕಾಚಾರ

1952ರಲ್ಲಿ ಅಮೆರಿಕದಲ್ಲಿ 'ದಿ ಫ್ರಾಂಟಿಯರ್ ಫ್ಯಾಂಟಮ್' ಎಂಬ ಕೌಬಾಯ್ ಸಿನಿಮಾ ಬಂತು. ಕಪ್ಪು ಬಿಳುಪು ಚಿತ್ರ. ಪೂರ್ತಿ ಒಂದು ಗಂಟೆಯೂ ಇಲ್ಲ. ಹೀರೋ ಹೆಸರು ಲ್ಯಾಶ್ ಲರೂ. ತಲೆಯಿಂದ ಕಾಲಿನವರೆಗೆ ಕಪ್ಪು ಬಟ್ಟೆ, ಸೊಂಟದಲ್ಲಿ ಪಿಸ್ತೂಲು, ಕೈಯಲ್ಲಿ ಉದ್ದನೆಯ ಚರ್ಮದ ಚಾಟಿ. ಬೇರೆ ಕೌಬಾಯ್‌ಗಳು ಗುಂಡು ಹೊಡೆದು ಕಳ್ಳರ ಕೈಯಿಂದ ಪಿಸ್ತೂಲು ಬೀಳಿಸಿದರೆ ಇವನು ಚಾಟಿ ಬೀಸಿ ಕಿತ್ತುಕೊಳ್ಳುತ್ತಿದ್ದ. ಜೊತೆಗೆ ಗಡ್ಡದ ಹಾಸ್ಯಗಾರ ಅಲ್ 'ಫಝಿ' ಸೇಂಟ್ ಜಾನ್. ಈತ ಮೂಕಿ ಚಿತ್ರಗಳ ಕಾಲದಿಂದ ಬಂದ ನಟ. ಆ ಕಾಲದ ದೊಡ್ಡ ಹಾಸ್ಯನಟ ರಾಸ್ಕೋ ಆರ್ಬಕಲ್‌ಗೆ ಸೋದರಳಿಯ.

ಕಥೆ ಹೀಗೆ. ಲ್ಯಾಶ್‌ನನ್ನು ನೋಡಿ, ಇವನೇ 'ಫ್ರಾಂಟಿಯರ್ ಫ್ಯಾಂಟಮ್' ಎಂಬ ಡಕಾಯಿತ ಎಂದುಕೊಂಡು ಹಿಡಿದು ಕೂರಿಸುತ್ತಾರೆ. 'ಅವನು ನಾನಲ್ಲ, ನಡೆದದ್ದನ್ನು ಹೇಳುತ್ತೇನೆ ಕೇಳಿ' ಎನ್ನುತ್ತಾನೆ ಲ್ಯಾಶ್. ಫ್ಲ್ಯಾಷ್‌ಬ್ಯಾಕ್ ಶುರು. ಗಡಿಯ ಹತ್ತಿರದ ಕಾನೂನಿಲ್ಲದ ಸೀಮೆ, ಖೋಟಾ ನೋಟಿನ ಗುಂಪು, ಲ್ಯಾಶ್‌ನನ್ನೇ ಹೋಲುವ ಅವಳಿ ಸೋದರ, ಕುದುರೆ ಓಟ, ಹೊಡೆದಾಟ. ಓದುವಾಗ ಪರವಾಗಿಲ್ಲ ಅನ್ನಿಸುತ್ತೆ, ಅಲ್ವಾ?

ತೊಂದರೆ ಒಂದೇ. ಈ ಫ್ಲ್ಯಾಷ್‌ಬ್ಯಾಕಿನ ಬಹುಪಾಲು 1949ರಲ್ಲೇ ಬಂದಿದ್ದ 'ಔಟ್‌ಲಾ ಕಂಟ್ರಿ' ಎಂಬ ಇದೇ ಲ್ಯಾಶ್ ಲರೂ ಸಿನಿಮಾದಿಂದ ಕತ್ತರಿಸಿ ತಂದದ್ದು. ಕಥೆಯೂ ಅದೇ, ದೃಶ್ಯಗಳೂ ಅವೇ. ಹೊಸದಾಗಿ ಶೂಟ್ ಮಾಡಿದ್ದು ಮುಖ್ಯವಾಗಿ ಆಚೀಚೆಯ ಚೌಕಟ್ಟು. ಆ ಹಳೆಯ ಚಿತ್ರವನ್ನು ನಿರ್ದೇಶಿಸಿದ್ದು ರೇ ಟೇಲರ್. ಹೊಸದಕ್ಕೆ ನಿರ್ದೇಶಕ ರಾನ್ ಆರ್ಮಂಡ್. ಇದು ಲ್ಯಾಶ್ ಸರಣಿಯ ಕೊನೆಯ ಸಿನಿಮಾ. ಅದೇ ವರ್ಷ, ಇದಕ್ಕೆ ಮುಂಚೆ ಬಂದ 'ದಿ ಬ್ಲ್ಯಾಕ್ ಲ್ಯಾಶ್' ಕೂಡ ಇದೇ ಜಾತಿಯದು. ಅದು 1948ರ 'ಫ್ರಾಂಟಿಯರ್ ರಿವೆಂಜ್' ಚಿತ್ರದಿಂದ ಧಾರಾಳವಾಗಿ ದೃಶ್ಯಗಳನ್ನು ತಂದುಕೊಂಡಿತ್ತು.

ಇದನ್ನು ಸೋಮಾರಿತನ ಎಂದು ಬೈದು ಸುಮ್ಮನಾಗಬಹುದು. ನಾನು ಹಾಗೆ ಮಾಡುವುದಿಲ್ಲ. ಸಿನಿಮಾ ಕೆಟ್ಟದ್ದು, ಅದರಲ್ಲಿ ಅನುಮಾನವಿಲ್ಲ. ಆದರೆ ಅದು ಯಾಕೆ ಹಾಗಾಯಿತು ಎಂದು ಹುಡುಕುತ್ತಾ ಹೋದರೆ ನಿರ್ದೇಶಕನ ಹತ್ತಿರ ನಿಲ್ಲಲು ಆಗುವುದಿಲ್ಲ, ಥಿಯೇಟರಿನ ಬಾಡಿಗೆ ಚೀಟಿಯವರೆಗೂ ಹೋಗಬೇಕಾಗುತ್ತದೆ.

ಮೊದಲು ಮ್ಯಾಟಿನಿಯ ವಿಷಯ. 1930ರ ದಶಕದಲ್ಲಿ ಅಮೆರಿಕಕ್ಕೆ ಆರ್ಥಿಕ ಕುಸಿತ ಬಡಿದಿತ್ತು. ಥಿಯೇಟರುಗಳು ಖಾಲಿ ಹೊಡೆಯುತ್ತಿದ್ದವು. ಜನರನ್ನು ಕರೆತರಲು ಒಂದೇ ಟಿಕೆಟ್‌ಗೆ ಎರಡು ಸಿನಿಮಾ ತೋರಿಸುವ ಪದ್ಧತಿ ಊರೂರಿಗೆ ಹಬ್ಬಿತು. ಮೊದಲನೆಯದು ದೊಡ್ಡ ತಾರೆಯರ 'ಎ' ಚಿತ್ರ. ಎರಡನೆಯದು ಜೊತೆಗೆ ಕೊಡುವ 'ಬಿ' ಚಿತ್ರ. ಶನಿವಾರ ಮಧ್ಯಾಹ್ನದ ಆಟ ಮಾತ್ರ ಪೂರ್ತಿ ಮಕ್ಕಳ ಪಾಲು. ಒಂದು ಕೌಬಾಯ್ ಸಿನಿಮಾ, ಒಂದು ಕಾರ್ಟೂನು, ಮುಂದಿನ ವಾರಕ್ಕೆ ಕುತೂಹಲ ಉಳಿಸುವ ಧಾರಾವಾಹಿಯ ಒಂದು ಕಂತು. ಅಪ್ಪ ಅಮ್ಮ ಪೇಟೆ ಕೆಲಸ ಮುಗಿಸುವವರೆಗೆ ಮಕ್ಕಳು ಅಲ್ಲೇ. ಹಳ್ಳಿ ಮತ್ತು ಸಣ್ಣ ಊರುಗಳಲ್ಲಿ, ಅದರಲ್ಲೂ ದಕ್ಷಿಣದ ರಾಜ್ಯಗಳಲ್ಲಿ ಕೌಬಾಯ್ ಸಿನಿಮಾಗೆ ಭಾರೀ ಬೇಡಿಕೆ.

ಈಗ ದುಡ್ಡಿನ ವಿಷಯ. ದೊಡ್ಡ ಚಿತ್ರಗಳಿಗೆ ಟಿಕೆಟ್ ಹಣದಲ್ಲಿ ಶೇಕಡಾವಾರು ಪಾಲು ಸಿಗುತ್ತಿತ್ತು. ಜನ ಜಾಸ್ತಿ ಬಂದರೆ ನಿರ್ಮಾಪಕನಿಗೂ ಜಾಸ್ತಿ. 'ಬಿ' ಚಿತ್ರಕ್ಕೆ ಆ ಭಾಗ್ಯವಿಲ್ಲ. ಥಿಯೇಟರಿನವನು ನಿಗದಿಯಾದ ಬಾಡಿಗೆ ಕೊಡುತ್ತಿದ್ದ, ಅಷ್ಟೇ. ಹಾಲ್ ತುಂಬಿದರೂ ಅಷ್ಟೇ, ಖಾಲಿಯಿದ್ದರೂ ಅಷ್ಟೇ. ನಮ್ಮಲ್ಲಿ ಸಿಂಗಲ್ ಸ್ಕ್ರೀನ್ ಥಿಯೇಟರಿಗೆ ನಿರ್ಮಾಪಕರೇ ವಾರದ ಬಾಡಿಗೆ ಕಟ್ಟಿ ಸಿನಿಮಾ ಹಾಕಿಸುವ ಪದ್ಧತಿ ಕಂಡವರಿಗೆ ಇದು ತಿರುಗುಮುರುಗು ಅನ್ನಿಸಬಹುದು. ಅಲ್ಲಿ ಬಾಡಿಗೆ ಕೊಡುತ್ತಿದ್ದವನು ಥಿಯೇಟರಿನವನು, ಸಿನಿಮಾಕ್ಕಾಗಿ.

ಇದರ ಪರಿಣಾಮ ಏನು ನೋಡಿ. ಒಂದು ಚಿತ್ರದಿಂದ ಒಟ್ಟು 100 ರೂಪಾಯಿ ಬಾಡಿಗೆ ಬರುತ್ತದೆ ಎಂದು ಮೊದಲೇ ಗೊತ್ತಿದೆ ಎಂದುಕೊಳ್ಳೋಣ. 90 ರೂಪಾಯಿ ಖರ್ಚು ಮಾಡಿದರೆ ಲಾಭ 10. ಖರ್ಚನ್ನು 80ಕ್ಕೆ ಇಳಿಸಿದರೆ ಲಾಭ 20. ಅಂದರೆ ಹತ್ತು ರೂಪಾಯಿ ಉಳಿಸಿದರೆ ಲಾಭ ಎರಡರಷ್ಟು. ಅದೇ ಹತ್ತು ರೂಪಾಯಿಯನ್ನು ಸಿನಿಮಾ ಚೆನ್ನಾಗಿ ಬರಲಿ ಎಂದು ಹೆಚ್ಚಿಗೆ ಹಾಕಿದರೆ ಲಾಭ ಸೊನ್ನೆ. ಒಳ್ಳೆಯ ಸಿನಿಮಾಗೆ ಬಹುಮಾನವಿಲ್ಲ, ಕೆಟ್ಟದ್ದಕ್ಕೆ ಕೂಡಲೇ ದಂಡವೂ ಇಲ್ಲ. ಪ್ರಿಂಟು ಹೇಳಿದ ದಿನ ಥಿಯೇಟರಿಗೆ ತಲುಪಬೇಕು. ಪೋಸ್ಟರಿನಲ್ಲಿ ಹೀರೋ ಮುಖ ಇರಬೇಕು. ಇಷ್ಟೇ ಷರತ್ತು.

ಹೀಗಾಗಿ ಇಡೀ ಉದ್ಯಮದ ಬುದ್ಧಿಯೆಲ್ಲ ಒಂದೇ ಕಡೆ ಹರಿಯಿತು: ಖರ್ಚು ಎಲ್ಲಿ ಉಳಿಸಬಹುದು?

ಉಳಿಸುವ ಮೊದಲ ದಾರಿ ವೇಗ. ರಿಪಬ್ಲಿಕ್ ಸ್ಟುಡಿಯೋದಲ್ಲಿ ಅತಿ ಅಗ್ಗದ ದರ್ಜೆಯ ಕೌಬಾಯ್ ಚಿತ್ರಕ್ಕೆ ಸುಮಾರು ಏಳು ದಿನದ ಶೂಟಿಂಗ್, ಸುಮಾರು 50,000 ಡಾಲರ್. ಆದರೂ ಬಡ ಸ್ಟುಡಿಯೋಗಳ ನಡುವೆ ರಿಪಬ್ಲಿಕ್ ಸಾಹುಕಾರ. ಅದಕ್ಕಿಂತ ಕೆಳಗೆ ಪಿಆರ್‌ಸಿ ಎಂಬ ಕಂಪನಿ ಇತ್ತು. ಅಲ್ಲಿ ಸ್ಯಾಮ್ ನ್ಯೂಫೀಲ್ಡ್ ಎಂಬ ನಿರ್ದೇಶಕ ಎಷ್ಟು ಚಿತ್ರ ಮಾಡುತ್ತಿದ್ದನೆಂದರೆ, ಒಂದೇ ಹೆಸರು ಪದೇ ಪದೇ ಕಾಣಬಾರದೆಂದು ಪೀಟರ್ ಸ್ಟುವರ್ಟ್, ಶರ್ಮನ್ ಸ್ಕಾಟ್ ಎಂಬ ಬೇರೆ ಹೆಸರುಗಳನ್ನೂ ಹಾಕಿಕೊಳ್ಳುತ್ತಿದ್ದ. ನಿರ್ಮಾಪಕ ಅವನ ಅಣ್ಣನೇ. ಲ್ಯಾಶ್ ಲರೂ ಬೆಳೆದದ್ದು ಇದೇ ಪಿಆರ್‌ಸಿಯಲ್ಲಿ.

ಎರಡನೆಯ ದಾರಿ ಹಾಡು. ಇದು ನನಗೆ ತುಂಬಾ ತಮಾಷೆ ಅನ್ನಿಸುವ ಭಾಗ. ಕುದುರೆ ಬೆನ್ನಟ್ಟುವ ಮೂರು ನಿಮಿಷದ ದೃಶ್ಯಕ್ಕೆ ಏನೇನು ಬೇಕು? ಕುದುರೆಗಳು, ಅವುಗಳನ್ನು ನೋಡಿಕೊಳ್ಳುವವರು, ಬಿದ್ದು ಏಳುವ ಸಾಹಸ ಕಲಾವಿದರು, ಪಕ್ಕದಲ್ಲೇ ಓಡುವ ಕ್ಯಾಮೆರಾ ಕಾರು, ಒಳ್ಳೆಯ ಬಿಸಿಲು. ಮೂರು ನಿಮಿಷದ ಹಾಡಿಗೆ? ಒಬ್ಬ ಹೀರೋ, ಒಂದು ಗಿಟಾರ್, ಕೂರಲು ಒಂದು ಬೇಲಿ. 1933ರ 'ರೈಡರ್ಸ್ ಆಫ್ ಡೆಸ್ಟಿನಿ'ಯಲ್ಲಿ, ಮುಂದೆ ಹಾಲಿವುಡ್ಡಿನ ದೊಡ್ಡ ತಾರೆಯಾದ ಜಾನ್ ವೇಯ್ನ್ ಕೈಗೇ ಗಿಟಾರ್ ಕೊಟ್ಟು ಹಾಡುವ ಕೌಬಾಯ್ ಮಾಡಿದರು. ದನಿ ಬೇರೆಯವರದು. ಬೀದಿಯಲ್ಲಿ ಎದುರಾಳಿಯ ಕಡೆ ನಡೆದು ಹೋಗುತ್ತಾ ಸಾವಿನ ಬಗ್ಗೆ ಹಾಡುವ ವೇಯ್ನ್‌ನನ್ನು ಇವತ್ತು ನೋಡಿದರೆ ನಗು ತಡೆಯುವುದು ಕಷ್ಟ. 1935ರಲ್ಲಿ ಜೀನ್ ಆಟ್ರಿ ಬಂದ ಮೇಲೆ ಈ ದಾರಿ ಹೆದ್ದಾರಿಯಾಯಿತು. ಆಟ್ರಿ ನಿಜವಾಗಿ ಹಾಡುತ್ತಿದ್ದ, ರೇಡಿಯೋದಲ್ಲಿ ಅವನಿಗೆ ಮೊದಲೇ ಅಭಿಮಾನಿಗಳಿದ್ದರು. ಹಾಡುವ ಕೌಬಾಯ್ ಜನರಿಗೆ ಇಷ್ಟವಾದ ಎನ್ನುವುದು ನಿಜ. ನಿರ್ಮಾಪಕನ ಲೆಕ್ಕದ ಪುಸ್ತಕಕ್ಕೂ ಇಷ್ಟವಾದ ಎನ್ನುವುದೂ ಅಷ್ಟೇ ನಿಜ.

ಮೂರನೆಯ ದಾರಿಯೇ ನಮ್ಮ ವಿಷಯ: ಒಮ್ಮೆ ತೆಗೆದ ಸಾಹಸವನ್ನು ಮತ್ತೆ ಮತ್ತೆ ಬಳಸುವುದು.

ಇದಕ್ಕೆ ಒಳ್ಳೆಯ ಉದಾಹರಣೆ 1932-33ರಲ್ಲಿ ವಾರ್ನರ್ ಸ್ಟುಡಿಯೋ ಬಿಡುಗಡೆ ಮಾಡಿದ ಆರು ಜಾನ್ ವೇಯ್ನ್ ಚಿತ್ರಗಳು. ನಿರ್ಮಾಪಕ ಲಿಯಾನ್ ಶ್ಲೆಸಿಂಜರ್. ಲೂನಿ ಟ್ಯೂನ್ಸ್ ಕಾರ್ಟೂನುಗಳ ನಿರ್ಮಾಪಕ ಎಂದರೆ ಬೇಗ ಗೊತ್ತಾಗುತ್ತದೆ. ವಾರ್ನರ್ ಕೆಲವು ವರ್ಷದ ಹಿಂದೆ ಫಸ್ಟ್ ನ್ಯಾಷನಲ್ ಎಂಬ ಚಿತ್ರ ಕಂಪನಿಯನ್ನು ನುಂಗಿತ್ತು. ಜೊತೆಗೆ ಕೆನ್ ಮೇನಾರ್ಡ್ ಎಂಬ ನಟನ ಮೂಕಿ ಕೌಬಾಯ್ ಚಿತ್ರಗಳೂ ಕೈಗೆ ಬಂದವು. ಮೇನಾರ್ಡ್ ಅದ್ಭುತ ಸವಾರ. ಅವನ ಚಿತ್ರಗಳಲ್ಲಿ ನೂರಾರು ದನಗಳ ಓಟ, ಬಂಡಿಗಳ ಸಾಲು, ದೊಡ್ಡ ದೊಡ್ಡ ಕಾಳಗ ಎಲ್ಲ ಇದ್ದವು. ಟಾಕಿ ಬಂದ ಮೇಲೆ ಆ ಮೂಕಿಗಳನ್ನು ಕೇಳುವವರಿಲ್ಲ.

ಆಗ ಏನು ಮಾಡಿದರು? ವೇಯ್ನ್‌ಗೆ ಮೇನಾರ್ಡ್ ಹಾಕುತ್ತಿದ್ದಂಥದ್ದೇ ಬಟ್ಟೆ ತೊಡಿಸಿದರು. ಮೇನಾರ್ಡ್‌ನ ಕುದುರೆ ಟಾರ್ಜನ್‌ನಂತೆ ಕಾಣುವ ಬಿಳಿ ಕುದುರೆ ತಂದರು. ಅದರ ಹೆಸರು ಡ್ಯೂಕ್. ಹತ್ತಿರದ ಶಾಟ್‌ಗಳಲ್ಲಿ ವೇಯ್ನ್ ಮಾತಾಡುತ್ತಾನೆ. ದೂರದ ಶಾಟ್‌ಗಳಲ್ಲಿ ಮೇನಾರ್ಡ್ ಕುದುರೆ ಓಡಿಸುತ್ತಾನೆ. ನೋಡುವವರಿಗೆ ಒಬ್ಬನೇ ಮನುಷ್ಯ. ತಲಾ ಸುಮಾರು 28,000 ಡಾಲರಿಗೆ ಚಿತ್ರ ಮುಗಿಯಿತು, ಪರದೆಯ ಮೇಲೆ ಮಾತ್ರ ದೊಡ್ಡ ಚಿತ್ರದ ಠೀವಿ. ಮೂಕಿ ಕಾಲದ ದೃಶ್ಯಗಳನ್ನು ಟಾಕಿಯ ವೇಗಕ್ಕೆ ಓಡಿಸಿದಾಗ ಅಲ್ಲಲ್ಲಿ ಕುದುರೆಗಳು ಅವಸರದಲ್ಲಿ ಓಡಿದಂತೆ ಕಾಣುತ್ತವೆ. ಗೊತ್ತಿದ್ದು ನೋಡಿದರೆ ಸಿಕ್ಕಿಬೀಳುತ್ತದೆ. ಗೊತ್ತಿಲ್ಲದ ಮಕ್ಕಳಿಗೆ ಅದು ಇನ್ನೂ ಮಜಾ.

ಇಲ್ಲಿ ಗಮನಿಸಬೇಕಾದ್ದು ಒಂದಿದೆ. ಶ್ಲೆಸಿಂಜರ್ ಹಳೆಯ ಸಾಹಸ ತಂದು ಹೊಸ ಟಾಕಿ ಪೋರ್ಷನ್ ಸೇರಿಸಿದ. ಹಾಸು ಹಳೆಯದಾದರೂ ಹೊಕ್ಕು ಹೊಸದು, ಬಟ್ಟೆ ಒಂದೇ. ಆರ್ಮಂಡ್ ಮಾಡಿದ್ದು ಬೇರೆ. ಹಳೆಯ ಚಿತ್ರದ ಸಾಹಸ, ಮಾತು, ಕಥೆ, ತಿರುವು ಎಲ್ಲವನ್ನೂ ಇಡಿಯಾಗಿ ತಂದು ಅದಕ್ಕೆ ಅಂಚು ಹೊಲಿದ. ಒಂದರಲ್ಲಿ ಜಾಣತನವಿದೆ. ಇನ್ನೊಂದರಲ್ಲಿ ಉಳಿತಾಯ ಮಾತ್ರ ಇದೆ.

ಅದು ಪರದೆಯ ಮೇಲೆ ಯಾಕೆ ನಿಲ್ಲುವುದಿಲ್ಲ? ಮೊದಲನೆಯದಾಗಿ, ಹೀರೋ ನಮ್ಮೆದುರೇ ಕೂತು ಕಥೆ ಹೇಳುತ್ತಿದ್ದಾನೆ. ಕಥೆಯೊಳಗೆ ಅವನ ಮೇಲೆ ಎಷ್ಟು ಗುಂಡು ಹಾರಿದರೂ ಬದುಕುತ್ತಾನೆಂದು ಗೊತ್ತೇ ಇದೆ. ಕೌಬಾಯ್ ಹೀರೋ ಯಾವತ್ತೂ ಸಾಯುವುದಿಲ್ಲ, ಸರಿ. ಆದರೆ ಅದನ್ನು ಒಂದು ಕ್ಷಣ ಮರೆಸಿ ಆತಂಕ ಹುಟ್ಟಿಸುವುದೇ ಈ ಚಿತ್ರಗಳ ಕಸುಬು. ಇಲ್ಲಿ ಅದನ್ನೂ ಬಿಟ್ಟುಕೊಟ್ಟರು. ಅವಳಿ ಸೋದರನ ವಿಷಯವೂ ಹಾಗೇ. 'ಔಟ್‌ಲಾ ಕಂಟ್ರಿ'ಯಲ್ಲಿ ಲ್ಯಾಶ್‌ಗೆ ಡಬಲ್ ರೋಲ್. ಒಬ್ಬ ಕಾನೂನಿನ ಕಡೆ, ಇನ್ನೊಬ್ಬ ಡಕಾಯಿತ. ಅಲ್ಲಿ ಅದು ನಿಜವಾದ ಬಂಡವಾಳ. ಎರಡನೇ ಚಿತ್ರ ಅದನ್ನೇ ಹೆಸರಿಗೆ ಏರಿಸಿಕೊಂಡು, ಯಾರನ್ನು ಯಾರೆಂದು ತಪ್ಪು ತಿಳಿದಿದ್ದಾರೆ ಎಂಬುದನ್ನು ಶುರುವಿನಲ್ಲೇ ಹೇಳಿಬಿಡುತ್ತದೆ.

ಇನ್ನೊಂದು ಕಾರಣ ಕತ್ತರಿ. ಒಂದು ಇಡೀ ಸಿನಿಮಾವನ್ನು ಇನ್ನೊಂದರ ಹೊಟ್ಟೆಗೆ ತುರುಕಬೇಕಾದರೆ ಏನಾದರೂ ಹೊರಗೆ ಹೋಗಲೇಬೇಕು. ಹೊಡೆದಾಟವನ್ನು ಯಾರೂ ಬಿಸಾಡುವುದಿಲ್ಲ, ಅದೇ ದುಬಾರಿ ಮಾಲು. ಹೋಗುವುದು ನಡುವಿನ ಕೊಂಡಿಗಳು: ಇವನು ಇಲ್ಲಿಗೆ ಯಾಕೆ ಬಂದ, ಅವಳಿಗೆ ಇದು ಹೇಗೆ ಗೊತ್ತಾಯಿತು. ಉಳಿಯುವುದು ಕುದುರೆಗಳು ಮತ್ತು ಗುದ್ದುಗಳು. ಹಳೆಯ ಚಿತ್ರ ಸಾಧಾರಣವಾಗಿದ್ದರೂ ಅದಕ್ಕೊಂದು ನಡೆ ಇತ್ತು. ಕತ್ತರಿಸಿದ ಮೇಲೆ ಆ ನಡೆಯೂ ಹೋಯಿತು.

ಕಂಟಿನ್ಯೂಟಿ ಹಿಡಿಯಲು ಲ್ಯಾಶ್‌ನ ವೇಷ ಬಹಳ ಸಹಾಯ ಮಾಡಿತು ಎನ್ನಬೇಕು. ಪ್ರತಿ ಚಿತ್ರದಲ್ಲೂ ಅದೇ ಕಪ್ಪು ಅಂಗಿ, ಅದೇ ಕಪ್ಪು ಟೋಪಿ. 1949ರ ಶಾಟ್ ಪಕ್ಕ 1952ರ ಶಾಟ್ ಇಟ್ಟರೂ ಬಟ್ಟೆ ಹೊಂದುತ್ತದೆ. ಬೆಟ್ಟಗುಡ್ಡಗಳ ಚಿಂತೆಯೂ ಇಲ್ಲ. ಈ ಜಾತಿಯ ಚಿತ್ರಗಳು ಬಹುತೇಕ ಲಾಸ್ ಏಂಜಲೀಸ್ ಹೊರವಲಯದ ಐವರ್‌ಸನ್ ರಾಂಚ್, ಕೊರಿಗನ್‌ವಿಲ್‌ನಂಥ ಜಾಗಗಳಲ್ಲೇ ಓಡಾಡುತ್ತಿದ್ದವು. ಒಂದಷ್ಟು ಚಿತ್ರ ನೋಡಿದರೆ ಆ ಬಂಡೆಗಳು ನಟರಿಗಿಂತ ಚೆನ್ನಾಗಿ ಪರಿಚಯವಾಗುತ್ತವೆ.

ಹಾಗಾದರೆ ಮಕ್ಕಳಿಗೆ ಗೊತ್ತಾಗಲಿಲ್ಲವೇ? ಮೂರು ವರ್ಷ ಎನ್ನುವುದು ಈ ವ್ಯಾಪಾರದಲ್ಲಿ ದೊಡ್ಡ ಅಂತರ. 1949ರಲ್ಲಿ ಹನ್ನೊಂದು ವರ್ಷದವನಾಗಿದ್ದ ಹುಡುಗ 1952ರ ಹೊತ್ತಿಗೆ ಮ್ಯಾಟಿನಿ ಬಿಟ್ಟು ಹುಡುಗಿಯರ ಜೊತೆ ಸಂಜೆ ಆಟಕ್ಕೆ ಹೋಗುವ ವಯಸ್ಸಿಗೆ ಬಂದಿರುತ್ತಾನೆ. ಅವನ ತಮ್ಮನಿಗೆ ಹಳೆಯ ಚಿತ್ರ ನೋಡಿದ ನೆನಪಿರುವುದಿಲ್ಲ. ಪ್ರೇಕ್ಷಕರೇ ಬದಲಾಗುತ್ತಿರುವಾಗ ಸಿನಿಮಾ ಯಾಕೆ ಬದಲಾಗಬೇಕು ಎಂಬ ಧೈರ್ಯ ಅದು. ಆದರೆ ಎಂಟನೇ ವಯಸ್ಸಿಗೆ ಒಮ್ಮೆ ನೋಡಿ, ಹನ್ನೊಂದಕ್ಕೆ ಮತ್ತೆ ಟಿಕೆಟ್ ಕೊಂಡ ಅಭಿಮಾನಿಗೆ ಈ ಲೆಕ್ಕ ಸಮಾಧಾನ ಕೊಡುವುದಿಲ್ಲ. ಯಾರು ನಿಷ್ಠೆಯಿಂದ ಬಂದರೋ ಅವರಿಗೇ ಮೋಸ. ಈ ಚಿತ್ರದ ಬಗ್ಗೆ ನನ್ನ ನಿಜವಾದ ತಕರಾರು ಇದೇ.

ಲ್ಯಾಶ್ ಇಷ್ಟು ಅಗ್ಗವಾಗಬೇಕಾದ ನಟನಲ್ಲ. ಅವನ ನಿಜ ಹೆಸರು ಆಲ್ಫ್ರೆಡ್ ಲರೂ. 1945ರ 'ಸಾಂಗ್ ಆಫ್ ಓಲ್ಡ್ ವಯೋಮಿಂಗ್' ಎಂಬ ಬಣ್ಣದ ಚಿತ್ರದಲ್ಲಿ ಹೀರೋ ಎಡ್ಡಿ ಡೀನ್, ಲ್ಯಾಶ್ ಪಕ್ಕದ ಪಾತ್ರ. ಚಾಟಿ ಬೀಸಲು ಬರುತ್ತದೆ ಎಂದು ಸುಳ್ಳು ಹೇಳಿ ಪಾತ್ರ ಗಿಟ್ಟಿಸಿ, ಆಮೇಲೆ ಮೈಯೆಲ್ಲ ಗಾಯ ಮಾಡಿಕೊಂಡು ಕಲಿತ ಎಂಬ ಕಥೆ ಪ್ರಸಿದ್ಧ. ಜನ ಮಾತ್ರ ಹೀರೋಗಿಂತ ಅವನನ್ನೇ ಮೆಚ್ಚಿದರು. ನೋಡಲು ಹಾಲಿವುಡ್ ತಾರೆ ಹಂಫ್ರಿ ಬೋಗಾರ್ಟ್ ಛಾಯೆ, ಊರಿನ ಪಡ್ಡೆ ಹುಡುಗನ ಗತ್ತು. ಹಾಲು ಕುಡಿದು ಹಾಡು ಹೇಳುವ ಒಳ್ಳೆಯ ಹುಡುಗರ ನಡುವೆ ಇವನು ಬೇರೆಯೇ ಕಾಣುತ್ತಿದ್ದ.

1947ರ ಹೊತ್ತಿಗೆ ಪಿಆರ್‌ಸಿ ಈಗಲ್-ಲಯನ್ ಎಂಬ ಕಂಪನಿಯೊಳಗೆ ಕರಗಿತು. 1948ರಿಂದ ಲ್ಯಾಶ್ ಚಿತ್ರಗಳನ್ನು ಮಾಡಿದ್ದು ವೆಸ್ಟರ್ನ್ ಅಡ್ವೆಂಚರ್ ಎಂಬ ಸಣ್ಣ ಸಂಸ್ಥೆ. ಇಂಥ ಸಂಸ್ಥೆಗಳಿಗೆ ದೇಶವಿಡೀ ಹರಡಿದ ಸ್ವಂತ ಹಂಚಿಕೆ ಜಾಲ ಇರಲಿಲ್ಲ. ನಮ್ಮ ಗಾಂಧಿನಗರದಲ್ಲಿ ಬಿಕೆಟಿ (ಬೆಂಗಳೂರು, ಕೋಲಾರ, ತುಮಕೂರು) ಎಂದು ಏರಿಯಾವಾರು ಹಕ್ಕು ಮಾರುವ ಹಾಗೆ, ರಾಜ್ಯವಾರು ಹಂಚಿಕೆದಾರರಿಗೆ ಹಕ್ಕು ಕೊಟ್ಟು ದುಡ್ಡು ಎತ್ತುವುದೇ ದಾರಿ. ಹಂಚಿಕೆದಾರನಿಗೆ ಬೇಕಾದ್ದು ವರ್ಷಕ್ಕೆ ಇಷ್ಟು ಲ್ಯಾಶ್ ಚಿತ್ರ ಎಂಬ ಭರವಸೆ. 1948ರಿಂದ 1952ರವರೆಗೆ ಹೀಗೆ ಹನ್ನೆರಡು ಚಿತ್ರ ಬಂದವು. ಎಲ್ಲವೂ ಕೆಟ್ಟವಲ್ಲ. 1950ರ 'ಕಿಂಗ್ ಆಫ್ ದ ಬುಲ್‌ವಿಪ್' ಚೆನ್ನಾಗಿದೆ. ಮುಸುಕು ಹಾಕಿದ, ಚಾಟಿ ಹಿಡಿದ ಕಳ್ಳನೊಬ್ಬನಿಗೂ ಲ್ಯಾಶ್‌ಗೂ ಚಾಟಿಯಲ್ಲೇ ಕಾಳಗ. ಅದನ್ನು ನಿರ್ದೇಶಿಸಿದ್ದೂ ಇದೇ ರಾನ್ ಆರ್ಮಂಡ್. ಅಂದರೆ ಕೈಯಲ್ಲಿ ಕಸುಬು ಇಲ್ಲದವನೇನಲ್ಲ.

ಹಾಗಿದ್ದರೆ ಎರಡೇ ವರ್ಷದಲ್ಲಿ ಏನಾಯಿತು? ಟಿವಿ ಬಂತು. ವಿಲಿಯಂ ಬಾಯ್ಡ್ ಎಂಬ ನಟ ಹಾಪಲಾಂಗ್ ಕ್ಯಾಸಿಡಿ ಎಂಬ ಕೌಬಾಯ್ ಪಾತ್ರದಲ್ಲಿ 66 ಚಿತ್ರ ಮಾಡಿದ್ದ. ತನ್ನ ರಾಂಚ್ ಮಾರಿ, ಸಾಲ ಮಾಡಿ ಆ ಚಿತ್ರಗಳ ಹಕ್ಕು ಕೊಂಡ. 1949ರಲ್ಲಿ ಅವು ಎನ್‌ಬಿಸಿ ಟಿವಿಯಲ್ಲಿ ಬರತೊಡಗಿದವು. ದೇಶಕ್ಕೆ ದೇಶವೇ ಹುಚ್ಚೆದ್ದಿತು, ಬಾಯ್ಡ್ ಕೋಟ್ಯಧೀಶನಾದ. ಮರುವರ್ಷ ಜೀನ್ ಆಟ್ರಿ, ಅದರ ಮರುವರ್ಷ ಇನ್ನೊಬ್ಬ ಹಾಡುವ ಕೌಬಾಯ್ ರಾಯ್ ರೋಜರ್ಸ್ ಟಿವಿಗೆ ಹೋದರು. ಮನೆಯಲ್ಲೇ ಬಿಟ್ಟಿ ಕೌಬಾಯ್ ಸಿಗುವಾಗ ಥಿಯೇಟರಿನ ಬಾಡಿಗೆ ಏರುವುದಿಲ್ಲ. ಇತ್ತ ಕೂಲಿ, ಫಿಲಂ, ಕುದುರೆ ಬಾಡಿಗೆ ಎಲ್ಲ ಯುದ್ಧದ ನಂತರ ಏರಿತ್ತು. 1948ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ದೊಡ್ಡ ಸ್ಟುಡಿಯೋಗಳ ಥಿಯೇಟರ್ ಹಿಡಿತ ಮುರಿಯುವ ತೀರ್ಪು ಕೊಟ್ಟಿತು. ಚಿತ್ರಗಳನ್ನು ಕಟ್ಟು ಕಟ್ಟಿ ಥಿಯೇಟರಿಗೆ ತುರುಕುವ ಪದ್ಧತಿ ಹೋಯಿತು. ತೀರ್ಪು ಒಳ್ಳೆಯದೇ, ಆದರೆ ಕಟ್ಟಿನೊಳಗೆ ಸುಮ್ನೆ ಸಾಗಿ ಹೋಗುತ್ತಿದ್ದ 'ಬಿ' ಚಿತ್ರಗಳು ಅನಾಥವಾದವು.

ನಮ್ಮ 100 ರೂಪಾಯಿ ಲೆಕ್ಕಕ್ಕೆ ಇದನ್ನು ಹಾಕಿ ನೋಡಿ. ಬರುವುದು 80ಕ್ಕೆ ಇಳಿಯುತ್ತಿದೆ, ಹೊಸ ಶೂಟಿಂಗ್ ಖರ್ಚು 100ರ ಕಡೆ ಏರುತ್ತಿದೆ. ವೇಗ ಇನ್ನು ಹೆಚ್ಚಿಸಲಾಗದು. ಲ್ಯಾಶ್‌ಗೆ ಹಾಡಿನ ದಾರಿಯೂ ಇಲ್ಲ. ಕಪಾಟಿನಲ್ಲಿ ಹಳೆಯ ನೆಗೆಟಿವ್ ಮಾತ್ರ ಇದೆ. ಇದಕ್ಕೆ ಇನ್ನೊಂದು ಎಳೆಯೂ ಸೇರಿಕೊಂಡಿತ್ತು. ಆ ಹೊತ್ತಿಗೆ ಲ್ಯಾಶ್‌ಗೆ ಸಿನಿಮಾದಾಚೆಯ ಬೆಲೆ ಇತ್ತು. ಅವನ ಹೆಸರಿನ ಕಾಮಿಕ್ಸ್ 1949ರಿಂದ ಬರುತ್ತಿತ್ತು. ಊರೂರು ಸುತ್ತಿ ಥಿಯೇಟರುಗಳಲ್ಲಿ, ಜಾತ್ರೆಗಳಲ್ಲಿ ಚಾಟಿ ಬೀಸಿ ತೋರಿಸುವುದು ಅವನ ದೊಡ್ಡ ಸಂಪಾದನೆ. ಹೊಸ ಹೆಸರಿನ ಒಂದು ಸಿನಿಮಾ ಊರಿಗೆ ಬಂದರೆ ಸಾಕು, ಅದರ ಒಳಗೆ ಏನಿದೆ ಎನ್ನುವುದು ಆಮೇಲಿನ ಮಾತು.

ಸಿನಿಮಾಗಳು 1952ಕ್ಕೆ ನಿಂತವು. ಕಾಮಿಕ್ಸ್ ಮಾತ್ರ ಪ್ರಕಾಶಕರನ್ನು ಬದಲಿಸಿಕೊಂಡು 1961ರವರೆಗೂ ಬಂತು. ಇಡೀ ಸರಣಿ ಚಿತ್ರಗಳ ವ್ಯಾಪಾರವೂ ಹೆಚ್ಚು ಕಾಲ ಉಳಿಯಲಿಲ್ಲ. 1954ರಲ್ಲಿ ಬಂದ, ವೇಯ್ನ್ ಮಾರಿಸ್ ನಟಿಸಿದ 'ಟೂ ಗನ್ಸ್ ಅಂಡ್ ಎ ಬ್ಯಾಡ್ಜ್' ಚಿತ್ರವನ್ನು ಹಳೆಯ ಬಗೆಯ 'ಬಿ' ಕೌಬಾಯ್ ಸರಣಿಗಳ ಕೊನೆಯದೆಂದು ಸಾಮಾನ್ಯವಾಗಿ ಲೆಕ್ಕ ಹಾಕುತ್ತಾರೆ.

ನೋಡಬೇಕೆಂಬ ಆಸೆಯಿದ್ದರೆ ಒಂದು ಸಲಹೆ. ಲ್ಯಾಶ್ ಯಾಕೆ ಅಷ್ಟು ಜನಪ್ರಿಯನಾದ ಎಂದು ತಿಳಿಯಲು 'ಕಿಂಗ್ ಆಫ್ ದ ಬುಲ್‌ವಿಪ್' ಒಂದೇ ಸಾಕು. ಲೆಕ್ಕದ ಆಟ ನೋಡಬೇಕೆಂದರೆ ಮೊದಲು 'ಔಟ್‌ಲಾ ಕಂಟ್ರಿ', ಆಮೇಲೆ 'ದಿ ಫ್ರಾಂಟಿಯರ್ ಫ್ಯಾಂಟಮ್' ಹಾಕಿಕೊಳ್ಳಿ. ಎರಡನೆಯದನ್ನು ನೋಡುವಾಗ ಲ್ಯಾಶ್‌ನ ಮುಖ ಮತ್ತು ಚಿತ್ರದ ಹೊಳಪಿನ ಮೇಲೆ ಕಣ್ಣಿಡಿ. ಎಲ್ಲಿ ಹೊಸದು ಮುಗಿದು ಹಳೆಯದು ಶುರುವಾಗುತ್ತದೆ ಎಂಬುದನ್ನು ಹಿಡಿಯುವುದರಲ್ಲಿ, ಕಥೆಯಲ್ಲಿ ಸಿಗದ ಮಜಾ ಸಿಗುತ್ತದೆ.